ಐದು ನಲವತ್ತರ ಬೂಟುಗಳು

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಹನ್ನೊಂದು ದಿನದಿಂದ ನಾಪತ್ತೆಯಾಗಿದ್ದ ಮನುಷ್ಯನ ಫೇಸ್‌ಬುಕ್ ಪುಟದಲ್ಲಿ ಒಂದು ಜೊತೆ ಬೂಟಿನ ಚಿತ್ರ ಬಂತು. ಚಿತ್ರದ ಕೆಳಗೆ ಒಂದೇ ಅಂಕಿ: ನಾಲ್ಕು.

ಪ್ರೂಫಕ್ಕನಿಗೆ ಅದು ಗೊತ್ತಾದದ್ದು ಆರೂಕಾಲಿಗೆ, ನಾಪತ್ತೆಯಾದವನ ಹೆಂಡತಿ ಫೋನ್ ಮಾಡಿದಾಗ.

"ಅಕ್ಕಾ, ಬಂತು. ಅವರದ್ದು ಬಂತು. ಬೂಟು ಅವರದ್ದೇ. ಎಡಗಾಲಿಂದಕ್ಕೆ ಕಂದು ಲೇಸು, ಬಲಗಾಲಿಂದಕ್ಕೆ ಕರಿ ಲೇಸು. ನಾನೇ ಹಾಕಿಕೊಟ್ಟಿದ್ದು." ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹೇಳುವಂತಿರಲಿಲ್ಲ. "ಬದುಕಿದಾರೆ ಅಕ್ಕ."

"ಅವರ ಫೋನಿಗೆ ಮಾಡಿ ನೋಡಿದ್ಯಾ?"

"ಸ್ವಿಚ್ ಆಫ್. ಠಾಣೆಗೆ ಹೇಳಿದೆ. ಮಧ್ಯಾಹ್ನ ಒಂದು ಗಂಟೆಗೆ ಬಂದು ಸಹಿ ಹಾಕಮ್ಮ, ದೂರು ಮುಚ್ಚಿಬಿಡೋಣ ಅಂದ್ರು. ತಾನಾಗೇ ಹೋಗಿದಾನೆ, ತಾನಾಗೇ ಬರ್ತಾನೆ ಅಂದ್ರು."

"ಆಮೇಲೆ ಹುಡುಕಲ್ವಂತಾ?"

"ಬದುಕಿದಾರೆ ಅಂತ ಗೊತ್ತಾದ ಮೇಲೆ ಹುಡುಕೋದೇನು ಅಕ್ಕ?"

ಪ್ರೂಫಕ್ಕ ಫೋನಿನಲ್ಲಿ ಆ ಪುಟ ತೆರೆದಳು. ಎರಡು ವಾರದ ಹಿಂದೆ ಅವನೇ ತನ್ನ ಪುಟದಲ್ಲಿದ್ದದ್ದೆಲ್ಲ ಅಳಿಸಿ ಹಾಕಿದ್ದ. ಗುಡಿಸಿ ಸಾರಿಸಿದ ಖಾಲಿ ಮನೆಯಂತಿದ್ದ ಪುಟದಲ್ಲಿ ಈಗ ಇದೊಂದೇ ಚಿತ್ರ. ಬೂಟುಗಳ ತುದಿ ನೋಡುವವರ ಕಡೆಗೆ ತಿರುಗಿತ್ತು. ಒಳಗೆ ಕಾಲುಗಳಿರಲಿಲ್ಲ. ಅವಳಿಗೆ ಬೆನ್ನಿನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟಂತಾಯಿತು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

"ಯಾರೇ ಅದು, ಇಷ್ಟು ಬೆಳಿಗ್ಗೆ?" ಗಂಡ ಬಚ್ಚಲ ಬಾಗಿಲಲ್ಲಿ ತಲೆ ಒರೆಸಿಕೊಳ್ಳುತ್ತ ನಿಂತಿದ್ದ. ಐಸ್ ಯಂತ್ರ, ಕೋಲ್ಡ್ ರೂಮು ರಿಪೇರಿ ಮಾಡುವ ಕೆಲಸ ಅವನದು. ಆಗಲೇ ನೀಲಿ ಅಂಗಿ ತೊಟ್ಟಾಗಿತ್ತು.

"ಆಫೀಸಿನವರು."

"ಜ್ವರ ಬಿಟ್ಟು ಮೂರು ವಾರ ಆಗಿಲ್ಲ. ಮೈಮೇಲೆ ಎಳೆದುಕೊಳ್ಳಬೇಡ ಎಲ್ಲಾನೂ."

ಅವನು ತಲೆ ಬಾಚಿಕೊಳ್ಳಲು ಒಳಗೆ ಹೋದ.

ಪ್ರೂಫಕ್ಕ ಎನ್ನುವುದು ಹಳೇ ಕೆಲಸ ಕೊಟ್ಟ ಹೆಸರು. ಪತ್ರಿಕೆಯೊಂದರಲ್ಲಿ ಹನ್ನೆರಡು ವರ್ಷ ಕರಡು ತಿದ್ದಿದ್ದಳು. ಪತ್ರಿಕೆ ಮುಚ್ಚಿದ ಮೇಲೆ ಗಂಡನ ಅಣ್ಣ ತನ್ನ ಆಫೀಸಿಗೆ ಸೇರಿಸಿಕೊಂಡರು. ಅಲ್ಲಿಯೂ ತಪ್ಪು ಹುಡುಕುವ ಕೆಲಸವೇ. ಕಾಗದದ ಮೇಲಿನದಲ್ಲ, ಮನುಷ್ಯರದು. ಕಂಪನಿಗಳು ಕೆಲಸಕ್ಕೆ ಅರ್ಜಿ ಹಾಕಿದವರ ಪಟ್ಟಿ ಕಳಿಸುತ್ತಿದ್ದವು. ಅವರು ಫೇಸ್‌ಬುಕ್ಕಿನಲ್ಲಿ ಏನು ಬರೆಯುತ್ತಾರೆ, ಯಾವ ಹೊತ್ತಿನಲ್ಲಿ, ಯಾರ ಜೊತೆ, ಎಂಥ ಚಿತ್ರ ಹಾಕುತ್ತಾರೆ ಎಂದು ನೋಡಿ ಬಣ್ಣ ಕೊಡಬೇಕು. ಹಸಿರು, ಹಳದಿ, ಕೆಂಪು.

ಸೇನೆಯಿಂದ ನಿವೃತ್ತರಾಗಿ ಬಂದವರಿಗೆ ಬೇರೆಯೇ ಅಳತೆ. ಬಂದೂಕಿನ ಜೊತೆ ಚಿತ್ರವಿದ್ದರೆ ಹಳದಿ. ಸತ್ತ ಗೆಳೆಯನ ಬಗ್ಗೆ ಪದೇ ಪದೇ ಬರೆದರೆ ಹಳದಿ. ಸರ್ಕಾರದ ಮೇಲೆ ಸಿಟ್ಟಿದ್ದರೆ ಕೆಂಪು. ಏನೂ ಇಲ್ಲದೆ ಪುಟ ಖಾಲಿಯಿದ್ದರೆ, ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅದಕ್ಕೂ ಹಳದಿ. ಅತ್ತ ಹೋದರೆ ಹುಲಿ, ಇತ್ತ ಹೋದರೆ ಬಾವಿ.

ನಾಪತ್ತೆಯಾದವನು ಸೇನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವನು. ಎಲ್ಲರೂ ಅವನನ್ನು ಕಂಪೌಂಡರ್ ಎನ್ನುತ್ತಿದ್ದರು. ಔಷಧಿ ಇಡುವ ಶೀತಲ ಗೋದಾಮಿನಲ್ಲಿ ಕಾವಲಿನ ಕೆಲಸಕ್ಕೆ ಅರ್ಜಿ ಹಾಕಿ, ಮೂರು ದಿನ ಪರೀಕ್ಷೆಗೆಂದು ದುಡಿದು, ನಾಲ್ಕನೆಯ ದಿನ ಬೇಡವೆನಿಸಿಕೊಂಡ. ಬೇಡವೆನಿಸಿದ್ದು ಕೆಂಪು ಬಣ್ಣ. ಆ ಬಣ್ಣ ಕೊಟ್ಟವಳು ಪ್ರೂಫಕ್ಕ. ಅವನು ಕಾಣೆಯಾದ ಸುದ್ದಿ ಕೇಳಿ ತಡೆಯಲಾರದೆ ಮನೆ ಹುಡುಕಿಕೊಂಡು ಹೋಗಿ, ಅವನ ಹೆಂಡತಿಯ ಪಕ್ಕ ಕೂತು, ಇಷ್ಟು ದಿನ ಜೊತೆಗೆ ಅಲೆದವಳೂ ಅವಳೇ. ಮೊದಲನೆಯ ವಿಷಯ ಆ ಹೆಂಡತಿಗೆ ಇನ್ನೂ ತಿಳಿದಿರಲಿಲ್ಲ.

ಒಂಬತ್ತೂವರೆಗೆ ಅವಳು ವೈರ್‌ಲೆಸ್‌ನ ಅಂಗಡಿಯಲ್ಲಿದ್ದಳು.

ವೈರ್‌ಲೆಸ್ ಎಂದರೆ ಕಂಪೌಂಡರ್ ಜೊತೆ ಸೇನೆಯ ಒಂದೇ ಠಾಣ್ಯದಲ್ಲಿ ಸಂದೇಶ ಕಳಿಸುವ ಪೆಟ್ಟಿಗೆ ಹೊತ್ತಿದ್ದವನು. ಈಗ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮೊಬೈಲ್ ರಿಪೇರಿ. ಅಲ್ಲಿ ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕು. ಎಡಗಿವಿ ಕೇಳಿಸದು, ಅದಕ್ಕೇ ಯಾರೇ ಬಂದರೂ ಬಲಕ್ಕೆ ತಿರುಗಿ ಕೂರುತ್ತಿದ್ದ.

ಅವನು ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಸಣ್ಣದು ಮಾಡಿ ನೋಡಿದ. ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇದು ಅವನು ಹಾಕಿದ್ದಲ್ಲ."

"ಬೂಟು ಅವರದ್ದೇ ಅಂತ ಹೆಂಡತಿ ಹೇಳ್ತಾಳೆ."

"ಬೂಟು ಅವನದ್ದೇ. ಹೊತ್ತು ಅವನದ್ದಲ್ಲ." ತನ್ನ ಫೋನು ತೆಗೆದು ಮುಂದಿಟ್ಟ. "ನನ್ನದು ನೋಡಿ. ದಿನಾ ಒಂದು ಜೊತೆ ಬೂಟು, ಕೆಳಗೆ ಆರು. ಎಷ್ಟು ಹೊತ್ತಿಗೆ ಹಾಕಿದೀನಿ ಓದಿ."

ಇವತ್ತು 4.50. ನಿನ್ನೆ 4.50. ಮೊನ್ನೆ, ಆಚೆ ಮೊನ್ನೆ, ಹಿಂದಿನ ವರ್ಷ, ಎಲ್ಲ 4.50.

"ನಾವು ಎಂಟು ಜನ ಮೇಡಂ. ಬೆಳಗಿನ ಕಾವಲು ಕೈ ಬದಲಾಗ್ತಿದ್ದದ್ದು ಆ ಹೊತ್ತಿಗೆ. ಒಬ್ಬೊಬ್ಬನಿಗೆ ಒಂದು ನಂಬರು. ಮನೆಗೆ ಬಂದ ಮೇಲೂ ಬಿಡಲಿಲ್ಲ. ನಾಲ್ಕು ಐವತ್ತಕ್ಕೆ ಬೂಟು ಹಾಕಿದ್ರೆ, ನಾನಿದೀನಿ ಅಂತ. ಐದು ಗಂಟೆಯೊಳಗೆ ಯಾರದಾದರೂ ಬರಲಿಲ್ಲ ಅಂದ್ರೆ ಮುಂದಿನ ನಂಬರಿನವನು ಫೋನ್ ಮಾಡ್ತಾನೆ. ಎತ್ತಲಿಲ್ಲ ಅಂದ್ರೆ ಬಸ್ಸು ಹತ್ತುತ್ತಾನೆ. ಹೀಗೆ ಒಂದು ಸಲ ನಮ್ಮ ಡ್ರೈವರ್‌ನ ಹಗ್ಗದಿಂದ ಇಳಿಸಿದೀವಿ."

ಪ್ರೂಫಕ್ಕನಿಗೆ ತಾನು ವರದಿಯಲ್ಲಿ ಬರೆದದ್ದು ಅಕ್ಷರ ಅಕ್ಷರವಾಗಿ ನೆನಪಿತ್ತು. *ಪ್ರತಿದಿನ ನಸುಕಿನಲ್ಲಿ ಒಂದೇ ಬಗೆಯ ಚಿತ್ರ ಮತ್ತು ಅಂಕಿ. ಅರ್ಥವಿಲ್ಲ. ನಿದ್ರೆಯಿಲ್ಲದವರ ಲಕ್ಷಣ. ಮನಸ್ಸಿನ ಸ್ಥಿಮಿತದ ಬಗ್ಗೆ ಅನುಮಾನಕ್ಕೆ ಎಡೆಯಿದೆ.*

"ವಾಟ್ಸಾಪ್ ಗುಂಪು ಮಾಡಿಕೊಂಡಿದ್ರೆ ಯಾರಿಗೂ ಕಾಣ್ತಿರಲಿಲ್ಲವಲ್ಲ," ಎಂದಳು. ಅವಳ ದನಿಯೇ ಅವಳಿಗೆ ಹೊರಗಿನಿಂದ ಕೇಳಿಸಿತು.

"ಮಾಡಿದ್ವಿ. ಎರಡೇ ದಿನಕ್ಕೆ ಅಡುಗೆಯವನು ಗುಡ್ ಮಾರ್ನಿಂಗ್ ಹೂವು ಕಳಿಸೋಕೆ ಶುರು ಮಾಡಿದ. ನೂರು ಹೂವಿನ ಮಧ್ಯೆ ಯಾರು ಸತ್ರು ಅಂತ ಹೇಗೆ ಹುಡುಕೋದು?" ಅವನು ನಗಲಿಲ್ಲ. "ಆಮೇಲೆ ಕೆಲಸಕ್ಕೆ ಅಲೆಯೋ ಕಾಲ ಬಂತು. ಹೋದಲ್ಲೆಲ್ಲ ನಿಮ್ಮ ಪುಟದಲ್ಲಿ ಇದೇನು, ಅದೇನು. ಒಬ್ಬೊಬ್ಬರಾಗಿ ಅಳಿಸಿ ಹಾಕಿದ್ರು. ಐದು ಜನ. ಕೊನೇಲಿ ಅಳಿಸಿದವನು ಇವನೇ. ನಾಲ್ಕು ದಿನ ಆದ ಮೇಲೆ ಕಾಣೆಯಾದ. ಮೊದಲಿನ ಹಾಗಿದ್ದಿದ್ರೆ ಮಾರನೇ ಬೆಳಿಗ್ಗೆ ಐದಕ್ಕೆ ನಮಗೆ ಗೊತ್ತಾಗ್ತಿತ್ತು. ಗೊತ್ತಾಗಿದ್ದು ಮೂರನೇ ದಿನ, ಅವನ ಹೆಂಡತಿ ಹೇಳಿದಾಗ."

"ಹೋಗುವಾಗ ನಿಮಗೆ ಏನು ಹೇಳಿ ಹೋದರು?"

"ಗೋದಾಮಿನಲ್ಲಿ ತಂಪೇ ಇಲ್ಲ ಅಂದ. ಅಲ್ಲಿರೋ ಔಷಧಿ ಜನರಿಗೆ ಚುಚ್ಚಿದ್ರೆ ನೀರು ಚುಚ್ಚಿದ ಹಾಗೆ, ಹೇಳಬೇಕಾದವರಿಗೆ ಹೇಳಿ ಬರ್ತೀನಿ ಅಂದ. ಅದನ್ನೇ ಹೆಂಡತಿಗೂ ಹೇಳಿ ಹೋಗಿದಾನೆ." ವೈರ್‌ಲೆಸ್ ಮತ್ತೆ ಚಿತ್ರದ ಮೇಲೆ ಬೆರಳಿಟ್ಟ. "ಕೆಳಗೆ ನೆಲ ನೋಡಿದ್ರಾ? ಗೀರು ಗೀರಾಗಿರೋ ತಗಡು. ಕಾಲು ಜಾರಬಾರದು ಅಂತ ಲಾರಿ ಒಳಗೆ ಹಾಸ್ತಾರೆ. ಐಸ್ ರೂಮಲ್ಲೂ ಹಾಸ್ತಾರೆ. ಮನೇಲಿ ಯಾರೂ ಹಾಸಲ್ಲ."

ಪ್ರೂಫಕ್ಕ ಚೀಲದಿಂದ ತನ್ನ ಪೆನ್ಸಿಲ್ ನೋಟ್‌ಬುಕ್ ತೆಗೆದಳು. ಕಂಪೌಂಡರ್ ಪುಟ ನೋಡುವಾಗ ಗುರುತು ಹಾಕಿಕೊಂಡ ಹಾಳೆ ಸಿಕ್ಕಿತು. ಅವಳದೇ ಅಕ್ಷರ, ಎರಡು ಗೆರೆ ಎಳೆದು ಬರೆದದ್ದು: 4.50, ದಿನಾ.

ಹಾಗಾದರೆ ಐದು ನಲವತ್ತು ಎಲ್ಲಿಂದ ಬಂತು? ಬೂಟು, ಅಂಕಿ, ನಸುಕು, ಎಲ್ಲ ತಿಳಿದವನಿಗೆ ಹೊತ್ತೊಂದು ಮಾತ್ರ ಯಾಕೆ ತಪ್ಪಿತು?

"ಮೇಡಂ," ವೈರ್‌ಲೆಸ್ ಕರೆದ. "ನೀವು ಯಾವ ಆಫೀಸಿನವರು ಅಂತ ನಾನು ಕೇಳಿಲ್ಲ. ಕೇಳೋದೂ ಇಲ್ಲ. ಮಧ್ಯಾಹ್ನ ಒಂದಕ್ಕೆ ಸಹಿ ಹಾಕೋ ಮೊದಲು ಆ ತಾಯಿಗೆ ನೀವೇ ಹೇಳಿಬಿಡಿ. ನಾನು ಠಾಣೆ ಹತ್ರ ಇರ್ತೀನಿ."

ಅವಳು ಬೀದಿಗಿಳಿದಳು. ಹಗಲು ಹತ್ತರ ಬಿಸಿಲು. ಅಂಗಡಿಯವರು ಬಾಗಿಲು ತೆಗೆದು ನೀರು ಚಿಮುಕಿಸುತ್ತಿದ್ದರು. ಇಷ್ಟು ಜನರ ನಡುವೆ ಹೆದರುವುದಕ್ಕೆ ಏನಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಹಿಂದೆ ಬರುವ ಪ್ರತಿ ಹೆಜ್ಜೆಗೂ ಕಿವಿ ನಿಮಿರುತ್ತಿತ್ತು.

ಆಫೀಸು ಮೂರನೆಯ ಮಹಡಿ, ಹಲ್ಲಿನ ಡಾಕ್ಟರ ಮೇಲೆ. ಆರು ಮೇಜು. ಕೆಳಗಿನಿಂದ ಹಲ್ಲು ಕೊರೆಯುವ ಸದ್ದು ನೆಲದ ಮೂಲಕ ಕಾಲಿಗೆ ಬರುತ್ತಿತ್ತು. ಭಾವ ಗಾಜಿನ ಕೋಣೆಯಲ್ಲಿ ಕನ್ನಡಕ ಒರೆಸುತ್ತ ಕೂತಿದ್ದರು.

"ಏನಮ್ಮಾ, ಹತ್ತೂಮುಕ್ಕಾಲು. ನಿನ್ನ ಗಡಿಯಾರಕ್ಕೂ ಜ್ವರ ಬಂತಾ?"

"ಭಾವ, ಕಂಪೌಂಡರ್ ಫೈಲು ಒಂದು ನಿಮಿಷ ಬೇಕಿತ್ತು."

"ಯಾವ ಕಂಪೌಂಡರ್?"

"ಗೋದಾಮಿನ ಕಾವಲಿಗೆ ಅರ್ಜಿ ಹಾಕಿದ್ದವರು. ಸೇನೆಯವರು."

"ಓ, ಆ ಬೂಟಿನವನು." ಭಾವ ಎದ್ದು ಬೀರು ತೆಗೆದರು. ಪೂರ್ತಿ ವರದಿ ಕಾಗದದಲ್ಲಿ, ಒಂದೇ ಪ್ರತಿ, ಅವರ ಬೀರುವಿನಲ್ಲಿ. ಅದು ಅವರು ಮಾಡಿದ ಕಟ್ಟಳೆ. ಅಚ್ಚಾದ ಮೇಲೆ ಕಂಪ್ಯೂಟರಿನಲ್ಲಿ ಉಳಿಸುವಂತಿಲ್ಲ. "ಮತ್ತೆ ಅರ್ಜಿ ಹಾಕಿದಾನಾ? ಹಾಕಲಿ. ಈಗ ಪುಟ ಖಾಲಿಯಂತೆ. ಹಳದಿ ಕೊಡೋಣ, ಬಡ್ತಿ ಸಿಕ್ಕ ಹಾಗಾಯ್ತು."

ಅವಳು ಎರಡನೆಯ ಹಾಳೆ ತಿರುಗಿಸಿದಳು. ತನ್ನದೇ ಸಾಲುಗಳು. ಮೂರನೆಯ ಸಾಲಿನಲ್ಲಿ ಕಣ್ಣು ನಿಂತಿತು.

*ಪ್ರತಿದಿನ 5.40ಕ್ಕೆ.*

ಮತ್ತೊಮ್ಮೆ ಓದಿದಳು. ಅಂಕಿ ಬದಲಾಗಲಿಲ್ಲ.

ನಾಲ್ಕು ಐದಾಗಿತ್ತು, ಐದು ನಾಲ್ಕಾಗಿತ್ತು. ಜ್ವರದ ಕೈ ಎರಡು ಅಂಕಿಗಳನ್ನು ಅದಲುಬದಲು ಮಾಡಿತ್ತು. ಕರಡು ತಿದ್ದುವವರು ಎಲ್ಲಕ್ಕಿಂತ ಹೆಚ್ಚು ಹೆದರುವ ತಪ್ಪು ಇದು. ಅಕ್ಷರ ತಪ್ಪಿದರೆ ಕಣ್ಣಿಗೆ ಚುಚ್ಚುತ್ತದೆ. ಅಂಕಿ ತಪ್ಪಿದರೆ ಸರಿಯಾದುದರಂತೆಯೇ ಕಾಣುತ್ತದೆ. ಊರಿನವರ ತಪ್ಪನ್ನೆಲ್ಲ ಹನ್ನೆರಡು ವರ್ಷ ಹಿಡಿದವಳಿಗೆ ತನ್ನದು ಕಂಡಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು.

ಪತ್ರಿಕೆಯ ಹಿರಿಯ ಕರಡು ತಿದ್ದುಗ ಮೊದಲ ದಿನ ಕಲಿಸಿದ ಪಾಠ ನೆನಪಾಯಿತು. ಸರಿಯಾದ ಸುದ್ದಿಯನ್ನು ಹತ್ತು ಜನ ಹತ್ತು ಕಡೆಯಿಂದ ತರಬಹುದು. ಒಂದೇ ತಪ್ಪು ಎರಡು ಕಡೆ ಬಂದರೆ, ಒಬ್ಬ ಇನ್ನೊಬ್ಬನದನ್ನು ನೋಡಿ ಬರೆದಿದ್ದಾನೆ.

ಐದು ನಲವತ್ತು ಈ ಲೋಕದಲ್ಲಿ ಇದ್ದದ್ದು ಒಂದೇ ಜಾಗದಲ್ಲಿ. ಈ ಹಾಳೆಯಲ್ಲಿ. ಬೂಟು ಇಟ್ಟು ಚಿತ್ರ ತೆಗೆದವನು ಕಂಪೌಂಡರ್‌ನ ಪುಟ ನೋಡಿಯೇ ಇಲ್ಲ. ಅವನು ಓದಿದ್ದು ಈ ವರದಿ.

"ಏನಮ್ಮಾ, ಬಣ್ಣ ಹೋಯ್ತಲ್ಲ ಮುಖದ್ದು."

"ಈ ವರದಿ ಗೋದಾಮಿನವರಿಗೆ ಕಳಿಸಿದ್ರಲ್ಲ ಭಾವ. ಅಲ್ಲಿ ಯಾರ ಕೈ ಸೇರ್ತು?"

"ಇದನ್ನ ಎಲ್ಲಿ ಕಳಿಸ್ತೀವಿ?" ಭಾವ ನಕ್ಕರು. "ಹತ್ತು ತಿಂಗಳಿಂದ ಇದೀಯ, ಅಷ್ಟೂ ಗೊತ್ತಿಲ್ವಾ? ಅವರಿಗೆ ಹೋಗೋದು ಬಣ್ಣ ಮಾತ್ರ. ಹೆಸರು, ಮುಂದೆ ಕೆಂಪು. ಕಾರಣ ಅವರಿಗೆ ಬೇಕಾಗೇ ಇಲ್ಲ. ಕಾರಣ ಕಾಗದದ ಮೇಲೆ ಬಂದ್ರೆ ನಾಳೆ ಅದೇ ಸಾಕ್ಷಿ. ಯಾಕೆ ಬೇಡ ಅಂದ್ರಿ ಅಂತ ಅವನು ಕೇಳಿದ್ರೆ, ನಮಗೆ ಗೊತ್ತಿಲ್ಲಪ್ಪ ಅನ್ನಬೇಕು, ಅದು ಸುಳ್ಳೂ ಆಗಬಾರದು. ಅದಕ್ಕೇ ಅಲ್ವಾ ನಮಗೆ ದುಡ್ಡು ಕೊಡೋದು?"

"ಹಾಗಾದ್ರೆ ಹೊರಗಿನವರು ಯಾರೂ ಇದನ್ನ ಓದಿಲ್ಲ."

"ಒಬ್ಬರೂ ಇಲ್ಲ. ಬೀರುವಿನ ಕೀಲಿ ನನ್ನ ಸೊಂಟದಲ್ಲಿದೆ."

ಹೆಮ್ಮೆಯಿಂದಲೇ ಹೇಳಿದರು. ಹೇಳಿದ ಮೇಲೆ ಅವಳ ಕಣ್ಣು ತಮ್ಮ ಮೇಲೆ ಎಷ್ಟು ಹೊತ್ತಿನಿಂದ ಇದೆ ಎಂಬುದು ಅವರ ಗಮನಕ್ಕೆ ಬಂತು. ಕನ್ನಡಕ ಹಾಕಿಕೊಂಡರು.

"ಏನಾಯ್ತು? ಹೇಳು."

ಹೇಳದೆ ಇರಬಹುದಿತ್ತು. ಹೇಳಿದಳು. ಅವರು ಕಾಣೆಯಾದದ್ದು, ಬೆಳಗಿನ ಚಿತ್ರ, ಠಾಣೆಯವರ ಮಾತು, ಹೊತ್ತು, ನೋಟ್‌ಬುಕ್ಕಿನ ಹಾಳೆ. ಹೇಳುವಾಗ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಕೆಳಗೆ ಡಾಕ್ಟರು ಯಾರದೋ ಹಲ್ಲು ಕೊರೆಯುವುದನ್ನು ನಿಲ್ಲಿಸಿದರು.

ಭಾವ ಎದ್ದು ಹೋಗಿ ಗಾಜಿನ ಬಾಗಿಲು ಮುಚ್ಚಿ ಚಿಲಕ ಹಾಕಿದರು. ಹೊರಗಿನ ಐವರ ಬಾಯಿ ಆಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

"ನನ್ನ ಮೇಲೆ ಅನುಮಾನವಾ?"

ಅವಳು ಕೈಯಲ್ಲಿದ್ದ ಹಾಳೆಯಿಂದ ಕಣ್ಣೆತ್ತಿದಳು.

"ಬಾಯಿಬಿಟ್ಟು ಕೇಳಮ್ಮ. ಅನ್ನ ಹಾಕಿದ ಭಾವ ಅಂತ ಸಂಕೋಚ ಬೇಡ."

"ನೀವು ಬಿಟ್ಟು ಬೇರೆ ಯಾರೂ ಓದಿಲ್ಲ ಅಂತ ನೀವೇ ಅಂದ್ರಿ."

"ಅಂದೆ. ನಾನೂ ಮನುಷ್ಯ, ಮರೀತೀನಿ." ಫೈಲಿನ ಅಡಿಯಿಂದ ಕಂದು ಬಣ್ಣದ ಲಕೋಟೆ ಎಳೆದು ಅವಳ ಮುಂದೆ ಒಗೆದರು. ಅಂಟಿಸಿದ ಬಾಯಿಯ ಮೇಲೆ ಅವಳದೇ ಅಡ್ಡ ಸಹಿ, ಹಾಗೇ ಇತ್ತು. ಪಕ್ಕದ ಅಂಚನ್ನು ಮಾತ್ರ ಯಾರೋ ಬ್ಲೇಡಿನಿಂದ ಸೀಳಿ, ಮತ್ತೆ ಟೇಪು ಹಚ್ಚಿದ್ದರು. "ಈ ವರದಿ ಎಲ್ಲಿ ಕೂತು ಬರೆದೆ?"

"ಮನೇಲಿ. ಜ್ವರ ಇತ್ತು."

"ಇಲ್ಲಿಗೆ ತಂದುಕೊಟ್ಟವರು ಯಾರು?"

ಅವಳು ಟೇಪು ಹಚ್ಚಿದ ಅಂಚಿನ ಮೇಲೆ ಬೆರಳಾಡಿಸಿದಳು.

"ನನ್ನ ತಮ್ಮ," ಎಂದರು ಭಾವ. "ನಾನು ಕೈಗೆ ತಗೊಂಡಾಗಲೇ ಹೀಗಿತ್ತು."

"ಆಗಲೇ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ನಿನ್ನ ಗಂಡ ನಿನ್ನ ಲಕೋಟೆ ಹರಿದು ಓದ್ತಾನೆ ಅಂತಲಾ? ಆ ಗೋದಾಮಿನ ಯಂತ್ರಗಳ ರಿಪೇರಿ ಕೆಲಸ ಅವನಿಗೆ ಸಿಕ್ಕಿದ್ದು ನನ್ನ ಮಾತಿನ ಮೇಲೆ. ಅಲ್ಲಿ ಯಾರು ಸೇರ್ತಾರೆ ಅಂತ ಕುತೂಹಲ ಇರುತ್ತೆ ಅಂದುಕೊಂಡೆ. ತಮ್ಮ ಅಲ್ವಾ."

ಗೋದಾಮಿನಲ್ಲಿ ತಂಪೇ ಇಲ್ಲ. ತಂಪು ಇದೆಯೋ ಇಲ್ಲವೋ ಎಂಬುದು ಗೊತ್ತಿರಲೇಬೇಕಾದ ಮನುಷ್ಯ ಯಂತ್ರ ನೋಡಿಕೊಳ್ಳುವವನು. ಇಷ್ಟು ದಿನ ಆ ಎರಡು ಮಾತುಗಳನ್ನು ಅವಳು ಒಂದರ ಪಕ್ಕ ಒಂದು ಇಟ್ಟಿರಲಿಲ್ಲ. ಗೋದಾಮು ಎಂದರೆ ಊರ ಹೊರಗಿನ ದೊಡ್ಡ ತಗಡಿನ ಕಟ್ಟಡ. ಗಂಡ ಎಂದರೆ ಬೆಳಿಗ್ಗೆ ಬಚ್ಚಲಲ್ಲಿ ತಲೆ ಒರೆಸಿಕೊಳ್ಳುವವನು. ದೀಪದ ಬುಡದಲ್ಲಿ ಕತ್ತಲೆ.

ಅಥವಾ ಭಾವ ಈ ಲಕೋಟೆಯನ್ನು ಇವತ್ತು ಬೆಳಿಗ್ಗೆ ತಾವೇ ಸೀಳಿರಬಹುದು. ಟೇಪು ಹೊಸದೋ ಹಳೆಯದೋ ನೋಡಿ ಹೇಳುವಂತಿರಲಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬರು ಏನನ್ನೋ ಮುಚ್ಚಿಡುತ್ತಿದ್ದರು. ಇಂಥವರೇ ಎಂದು ತಿಳಿಯುವುದಕ್ಕಿಂತ, ಯಾರು ಎಂದು ತಿಳಿಯದಿರುವುದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

"ನೋಡು," ಭಾವನ ದನಿ ಮೆತ್ತಗಾಯಿತು. "ಆ ನೋಟ್‌ಬುಕ್ ಇಲ್ಲಿಟ್ಟು ಮನೆಗೆ ಹೋಗು. ಮನುಷ್ಯ ಬದುಕಿದಾನೆ ಅಂತ ಪೊಲೀಸರೇ ಅಂದಮೇಲೆ ನಮಗೇನು? ಸಂಜೆ ನಾನು ಬಂದು ಅವನ ಹತ್ರ ಮಾತಾಡ್ತೀನಿ. ಮನೆ ಮಾತು ಮನೇಲಿರಲಿ."

"ಅವರು ಬದುಕಿದ್ರೆ ಅವರೇ ಹಾಕ್ತಿದ್ರು ಭಾವ. ನಾಲ್ಕು ಐವತ್ತಕ್ಕೆ ಹಾಕ್ತಿದ್ರು."

"ನೋಟ್‌ಬುಕ್ ಕೊಡಮ್ಮ."

ಅವರು ಕೈ ಚಾಚಿದರು. ಆ ಹೊತ್ತಿಗೆ ಮೇಜಿನ ಮೇಲಿದ್ದ ಅವರ ಫೋನು ಗುರ್ರೆಂದಿತು. ಪರದೆಯ ಮೇಲೆ ಒಂದೇ ಪದ: ತಮ್ಮ.

ಇಬ್ಬರೂ ಅದನ್ನೇ ನೋಡಿದರು. ಭಾವ ಎತ್ತಲಿಲ್ಲ. ಅದು ಬಡಿದುಕೊಂಡು ಸುಮ್ಮನಾಯಿತು, ಮತ್ತೆ ಶುರುವಾಯಿತು. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು. ಆವರೆಗೆ ಕಂಡಿರದ ಒಂದು ಸಂಗತಿಯನ್ನು ಅವಳು ಆಗ ಕಂಡಳು. ಭಾವನೂ ಹೆದರಿದ್ದರು.

ಅವಳು ಚಿಲಕ ತೆಗೆದಳು. ಯಾರೂ ತಡೆಯಲಿಲ್ಲ. ಮೆಟ್ಟಿಲಿಳಿಯುವಾಗ ನೋಡಿಕೊಂಡರೆ ವರದಿಯ ಎರಡನೆಯ ಹಾಳೆ ಕೈಯಲ್ಲೇ ಇತ್ತು. ಕಳ್ಳತನ ಎಂದರೆ ಕಳ್ಳತನವೇ.

ಠಾಣೆ ಮುಟ್ಟಿದಾಗ ಹನ್ನೆರಡು ಐವತ್ತು. ವೈರ್‌ಲೆಸ್ ಗೇಟಿನ ಹತ್ತಿರವೇ ಇದ್ದ, ಏನೂ ಕೇಳದೆ ಹಿಂದೆ ಬಂದ. ಒಳಗೆ ಕಂಪೌಂಡರ್‌ನ ಹೆಂಡತಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಸೀರೆಯ ಸೆರಗಿಗೆ ನೀಲಿ ದಾರದ ತುಂಡುಗಳು ಅಂಟಿಕೊಂಡಿದ್ದವು. ಮುಂದೆ ಕಾಗದ, ಕೈಯಲ್ಲಿ ಪೆನ್ನು.

"ಒಂದು ನಿಮಿಷ," ಎಂದಳು ಪ್ರೂಫಕ್ಕ. "ಸಹಿ ಹಾಕಬೇಡ."

"ನೀವು ಯಾರಮ್ಮ?" ಠಾಣಾಧಿಕಾರಿ ತಲೆಯೆತ್ತಿದರು. ಬೆಳಿಗ್ಗೆಯಿಂದ ಕೂತು ಸಾಕಾದ ಮನುಷ್ಯ. "ಬದುಕಿದೀನಿ ಅಂತ ಅವನೇ ಹೇಳ್ತಿರುವಾಗ ನಿಮ್ಮದೇನು ತಕರಾರು?"

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಹಾಗಾಯ್ತು ಸಾರ್," ಎಂದ ವೈರ್‌ಲೆಸ್. "ಮೊದಲು ಇವರ ಮಾತು ಕೇಳಿ."

ಪ್ರೂಫಕ್ಕ ಮೂರು ವಸ್ತುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಪೆನ್ಸಿಲ್ ಗುರುತಿನ ನೋಟ್‌ಬುಕ್. ವೈರ್‌ಲೆಸ್‌ನ ಫೋನು. ವರದಿಯ ಹಾಳೆ. ಕರಡು ತಿದ್ದುವಾಗ ಮೂಲ ಎಡಕ್ಕೆ, ಅಚ್ಚು ಬಲಕ್ಕೆ ಇಡುತ್ತಿದ್ದ ಹಾಗೆ. ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದಳು.

ಅಧಿಕಾರಿ ಮೂರನ್ನೂ ಎರಡೆರಡು ಸಲ ನೋಡಿದರು. ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ಈ ವರದಿ ಬರೆದವರು ಯಾರು?"

"ನಾನು."

ಬೆಂಚಿನ ಮೇಲೆ ಪೆನ್ನಿನ ಸದ್ದಾಯಿತು.

"ನೀವಾ ಅಕ್ಕ?"

ಪ್ರೂಫಕ್ಕ ತಿರುಗಿ ನೋಡಿದಳು. ನೋಡದೆ ಉತ್ತರ ಕೊಡುವುದು ಸರಿಯಲ್ಲ ಅನ್ನಿಸಿತು. "ನಾನೇ. ಅರ್ಥವಿಲ್ಲ ಅಂತ ಬರೆದೆ. ಅರ್ಥ ಏನು ಅಂತ ಅವರನ್ನೇ ಒಂದು ಮಾತು ಕೇಳಬೇಕು ಅನ್ನೋದು ತೋಚಲಿಲ್ಲ. ಕೇಳೋ ಪದ್ಧತಿ ನಮ್ಮಲ್ಲಿಲ್ಲ."

ಆ ಹೆಂಗಸು ಕೈಯಿಂದ ಜಾರಿದ ಪೆನ್ನನ್ನು ಎತ್ತಿ ಮುಚ್ಚಳ ಹಾಕಿದಳು. "ನಮ್ಮನೇಲಿ ಕೂತು ನನ್ನ ಕಣ್ಣೊರೆಸಿದಿರಿ," ಎಂದಳು. ಅಷ್ಟೇ. ಆಮೇಲೆ ಮುಂದಿದ್ದ ಕಾಗದವನ್ನು ಮಡಿಸಿ, ಇನ್ನೊಂದು ಸಲ ಮಡಿಸಿ, ಅಧಿಕಾರಿಯ ಕಡೆ ತಳ್ಳಿದಳು. ಸಹಿ ಇರಲಿಲ್ಲ.

"ಇದನ್ನ ಓದಿದವರು ಯಾರ್ಯಾರು?" ಅಧಿಕಾರಿ ಹೊಸ ಹಾಳೆ ತೆಗೆದುಕೊಂಡರು. "ಹೆಸರು, ವಿಳಾಸ, ಕೆಲಸ."

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾಗದದ ಮೇಲಿನ ಅಂಕಿಗಳು. ಇನ್ನು ಹೇಳಬೇಕಾದದ್ದು ಅವಳ ಮನೆ. ಒಂದು ಹೆಸರು ಹೇಳಿ ನಿಲ್ಲಿಸಬಹುದಿತ್ತು. ಗಂಡನ ಮುಖ ಕಣ್ಣೆದುರು ಬಂತು, ಒದ್ದೆ ತಲೆ, ನೀಲಿ ಅಂಗಿ. ಗೀರು ಗೀರಿನ ತಗಡಿನ ಮೇಲೆ ಕಾಲಿಲ್ಲದ ಬೂಟುಗಳೂ ಬಂದವು. ಆ ಬೂಟಿನವನು ಈಗ ಬರಿಗಾಲಿನಲ್ಲಿ ಎಲ್ಲಿದ್ದಾನೆ?

"ಇಬ್ಬರು," ಎಂದಳು. "ಒಬ್ಬರು ನನ್ನ ಭಾವ. ಇನ್ನೊಬ್ಬರು ನನ್ನ ಗಂಡ."

ಅಧಿಕಾರಿ ಎರಡನ್ನೂ ಬರೆದುಕೊಂಡರು. ಭಾವನ ಆಫೀಸಿಗೆ ಒಬ್ಬನನ್ನು ಕಳಿಸಿದರು. ಗೋದಾಮಿಗೆ ಹೋಗಲು ಜೀಪು ಸಿದ್ಧಮಾಡಲು ಹೇಳಿದರು. ಆಮೇಲೆ ಕೇಳಿದರು: "ನಿಮ್ಮ ಯಜಮಾನರು ಈಗ ಎಲ್ಲಿದಾರೆ?"

ಗಂಡನ ಫೋನು ಸ್ವಿಚ್ ಆಫ್ ಆಗಿತ್ತು. ಅವಳು ಮನೆಗೆ ಮಾಡಿದಳು. ಅತ್ತೆ ಎತ್ತಿದರು. ಅಧಿಕಾರಿಯ ಸನ್ನೆಯಂತೆ ಅವಳು ಸ್ಪೀಕರ್ ಒತ್ತಿದಳು.

"ಅತ್ತೆ, ಇವರು ಎಷ್ಟು ಹೊತ್ತಿಗೆ ಹೊರಟರು?"

"ನೀನು ಹೊರಟ ಬೆನ್ನಿಗೇ ಹೋದ ಕಣೇ. ಅಡುಗೆ ಆಗೋವರೆಗೂ ಕಾಯಲಿಲ್ಲ. ಹನ್ನೊಂದು ಗಂಟೆಗೆ ಅದ್ಯಾಕೋ ವಾಪಸ್ ಬಂದ, ಬಟ್ಟೆ ಚೀಲ ತಗೊಂಡು ಹೋದ. ದಿನಾ ಎರಡು ಡಬ್ಬಿ ಕಟ್ಟು ಅಂತ ಪ್ರಾಣ ತಿನ್ನೋನು, ಇವತ್ತು ಕಟ್ಟಿಟ್ಟಿದ್ದನ್ನ ಮುಟ್ಟಲಿಲ್ಲ."

"ಎರಡು ಡಬ್ಬಿನಾ?"

"ನಿನಗೆ ಗೊತ್ತಿಲ್ವಾ? ನೀನು ಆಫೀಸಿಗೆ ಹೋದ ಮೇಲೆ ಕಟ್ಟಿಸಿಕೊಳ್ತಾನೆ. ಕೆಲಸದಲ್ಲಿ ಹೊಸಬ ಒಬ್ಬ ಇದಾನೆ, ಮನೆ ಇಲ್ಲದವನು ಅಂದ. ಹತ್ತು ದಿನದಿಂದ ಕಟ್ಟಿಕೊಟ್ಟಿದೀನಿ. ಇವತ್ತು ಬೇಡಮ್ಮ ಅಂದ. ಇನ್ನು ಮೇಲೆ ಒಂದೇ ಸಾಕು ಅಂದ."

ಜೀಪು ಠಾಣೆಯ ಗೇಟು ದಾಟಿ ಗೋದಾಮಿನ ಕಡೆ ತಿರುಗಿದಾಗ ಒಂದು ಗಂಟೆ ಇಪ್ಪತ್ತೆರಡು ನಿಮಿಷ. ಕಂಪೌಂಡರ್‌ನ ಹೆಂಡತಿ ಯಾರನ್ನೂ ಕೇಳದೆ ಹಿಂದಿನ ಸೀಟಿನಲ್ಲಿ ಹತ್ತಿ ಕೂತಿದ್ದಳು.